ಹಳೆ ಕೆಮಿಸ್ಟ್ರಿ ಕೋಶಗಳಲ್ಲಿ ಗೇರು ಸಿಪ್ಪೆ ಎಣ್ಣೆ ಹುಡುಕುವ ಬಗೆ

ಮಂಗಳೂರಿನ ಬೈಕಂಪಾಡಿ ಕಡೆ ಗೇರು (ಗೋಡಂಬಿ) ಸಿಪ್ಪೆ ಎಣ್ಣೆಯ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು ನಾನು. ಈಗ ರಿಟೈರ್ಡ್. ಪ್ರಾಜೆಕ್ಟ್ ಕಾಲ ಬಂತೆಂದರೆ ಕಾಲೇಜು ಮಕ್ಕಳು ಮನೆಗೆ ಬರುತ್ತಾರೆ. "ಆಂಟಿ, ಈ ಎಣ್ಣೆ ಬಗ್ಗೆ ಹಳೇ ಮಾಹಿತಿ ಎಲ್ಲೂ ಸಿಗ್ತಾ ಇಲ್ಲ" ಎನ್ನುತ್ತಾರೆ. ಹಳೆ ಕೋಶಗಳಲ್ಲಿ, ಅಂದರೆ ಡಿಕ್ಷನರಿ, ಎನ್ಸೈಕ್ಲೋಪೀಡಿಯಾಗಳಲ್ಲಿ ಸಿಗುತ್ತದೆ ಮಾರಾಯ್ರೆ, ಆದರೆ ಹುಡುಕುವ ಕ್ರಮ ಬೇರೆ.

ಮೊದಲು ಒಂದೇ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. "ಗೇರು ಉದ್ಯಮದ ಇತಿಹಾಸ" ಎಂದು ಹೊರಟರೆ ಸಾವಿರ ಪುಟದ ಸಂಪುಟಗಳಲ್ಲಿ ಕಳೆದುಹೋಗುತ್ತೀರಿ. "ಸಿಪ್ಪೆಯ ಎಣ್ಣೆಯಲ್ಲಿ ಏನಿದೆ ಎಂದು ಮೊದಲು ನೋಡಿದವರು ಯಾರು, ಹೇಗೆ ತೆಗೆದರು" ಎಂದು ಕೇಳಿಕೊಂಡರೆ ದಾರಿ ಸಿಗುತ್ತದೆ.

ಆಮೇಲೆ ಯಾವ ಪುಸ್ತಕ ಎಂಬ ಪ್ರಶ್ನೆ. ಇಲ್ಲಿ ಇಬ್ಬರು ಲೇಖಕರ ಹೆಸರು ಗೊಂದಲ ಮಾಡುತ್ತದೆ. ಹೆನ್ರಿ ವಾಟ್ಸ್ ಬರೆದದ್ದು ರಸಾಯನಶಾಸ್ತ್ರದ ಕೋಶ, 1860ರ ದಶಕದ್ದು. ಜಾರ್ಜ್ ವಾಟ್ ಬರೆದದ್ದು ಭಾರತದ ಆರ್ಥಿಕ ಉತ್ಪನ್ನಗಳ ಕೋಶ. 1889ರಿಂದ 1893ರವರೆಗೆ ಬಂತು. ಮೊದಲನೆಯದು ಲ್ಯಾಬಿನ ಮಾತು, ಎರಡನೆಯದು ಗಿಡ, ತೊಗಟೆ, ಅಂಟು, ಎಣ್ಣೆ, ವ್ಯಾಪಾರದ ಮಾತು. ನಮ್ಮ ಊರಿನ ವಸ್ತುಗಳಿಗೆ ಜಾರ್ಜ್ ವಾಟ್ ಅವರಿಂದಲೇ ಶುರು ಮಾಡಿ. ಅದರ ಮುಂದುವರಿಕೆ ಎಂಬಂತೆ 1948ರಿಂದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್ಐಆರ್ ತಂದ 'ದಿ ವೆಲ್ತ್ ಆಫ್ ಇಂಡಿಯಾ' ಇದೆ. ಕಾರ್ಖಾನೆಯ ವಿಧಾನ ಬೇಕಿದ್ದರೆ ಥಾರ್ಪ್ ಅವರ ಅನ್ವಯಿಕ ರಸಾಯನಶಾಸ್ತ್ರದ ಕೋಶ (ಮೊದಲ ಆವೃತ್ತಿ 1890ರಿಂದ 1893), ನಂತರದ ಕಾಲಕ್ಕೆ ಕಿರ್ಕ್-ಓಥ್ಮರ್ (ಮೊದಲ ಆವೃತ್ತಿ 1947ರಿಂದ 1956). ಕಾಪಿರೈಟ್ ಮುಗಿದ ಹಳೆಯವು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಗಿಡದ ವಸ್ತುಗಳಿಗೆ ಲ್ಯಾಟಿನ್ ಹೆಸರು ಗೊತ್ತಿರಲೇಬೇಕು. ಗೇರು ಎಂದರೆ ಅನಕಾರ್ಡಿಯಂ ಆಕ್ಸಿಡೆಂಟೇಲ್. ಸೆಮೆಕಾರ್ಪಸ್ ಅನಕಾರ್ಡಿಯಂ ಬೇರೆಯೇ ಮರ. ಅದು ಕಾಡುಗೇರು, ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿ. ಎರಡರ ಸಿಪ್ಪೆಯ ರಸವೂ ಚರ್ಮ ಸುಡುತ್ತದೆ. ಹಾಗಾಗಿ ಒಂದರ ಪ್ಯಾರಾವನ್ನು ಇನ್ನೊಂದರದ್ದು ಎಂದು ನಂಬುವುದು ಬಹಳ ಸುಲಭ.

ಖನಿಜ, ಆಸಿಡ್‌ಗಳಿಗೆ ಅಂದಿನ ವ್ಯಾಪಾರದ ಹೆಸರು ಹಾಕಿ ನೋಡಿ. ಅಡಿಕೆ ತೋಟದವರ ಮೈಲುತುತ್ತು (ಕಾಪರ್ ಸಲ್ಫೇಟ್) ಅಲ್ಲಿ ಬ್ಲೂ ವಿಟ್ರಿಯಾಲ್. ಸಲ್ಫ್ಯೂರಿಕ್ ಆಸಿಡ್ ಎಂದರೆ ಆಯಿಲ್ ಆಫ್ ವಿಟ್ರಿಯಾಲ್. ಫೀನಾಲ್ ಕಾರ್ಬಾಲಿಕ್ ಆಸಿಡ್. ಸ್ಕ್ಯಾನ್ ಪುಸ್ತಕದ ಹುಡುಕು ಬಾಕ್ಸನ್ನು ಜಾಸ್ತಿ ನಂಬಬೇಡಿ. ಸಾಲಿನ ಕೊನೆಯಲ್ಲಿ ತುಂಡಾದ ಪದ ಅದಕ್ಕೆ ಕಾಣುವುದಿಲ್ಲ. ಪುಸ್ತಕದ ಹಿಂಬದಿಯ ಸೂಚಿ ತೆರೆದು, ಕಣ್ಣಲ್ಲೇ ಓದಿ, ಪುಟಕ್ಕೆ ಹೋಗಿ.

ಈಗ ಮುಖ್ಯ ವಿಷಯ. ಗೇರು ಸಿಪ್ಪೆಯಿಂದ ಅನಕಾರ್ಡಿಕ್ ಆಸಿಡ್ ಬೇರ್ಪಡಿಸಿದ್ದು ಜರ್ಮನ್ ರಸಾಯನಶಾಸ್ತ್ರಜ್ಞ ಸ್ಟೇಡೆಲರ್, 1847ರಲ್ಲಿ. ಅವರು ಈಥರ್ ಹಾಕಿ ತೆಗೆದರು, ಬಿಸಿ ಮುಟ್ಟಿಸದೆ. ಹಾಗೆ ತೆಗೆದ ಎಣ್ಣೆಯಲ್ಲಿ ಅನಕಾರ್ಡಿಕ್ ಆಸಿಡ್ಡೇ ಹೆಚ್ಚು. ನಮ್ಮ ಫ್ಯಾಕ್ಟರಿಗಳಲ್ಲಿ ಬೀಜವನ್ನು ಕಾದ ಎಣ್ಣೆಯಲ್ಲಿ ಹುರಿದರೆ ಸಿಪ್ಪೆಯ ರಸ ಹೊರಬರುತ್ತದೆ. ಆ ಬಿಸಿಗೆ ಅನಕಾರ್ಡಿಕ್ ಆಸಿಡ್‌ನಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಕಾರ್ಡನಾಲ್ ಎಂಬ ಫೀನಾಲ್ ಜಾತಿಯ ವಸ್ತು ಉಳಿಯುತ್ತದೆ. ಬ್ರೇಕ್ ಲೈನಿಂಗ್‌ಗೆ, ರೆಸಿನ್‌ಗೆ ಹೋಗುವುದು ಈ ಮಾಲು. ಹುರಿಯುವಾಗ ಬಾಣಲೆಯಲ್ಲಿ ನೊರೆ ಏಳುವುದನ್ನು ನೋಡಿದವರಿಗೆ ಗೊತ್ತು, ಅದು ಬರೀ ನೀರಿನ ಆವಿಯಲ್ಲ. ಹಾಗಾಗಿ ಹಳೆ ಕೋಶದ ಆಸಿಡ್ ವ್ಯಾಲ್ಯೂವನ್ನು (ಎಣ್ಣೆಯಲ್ಲಿ ಆಸಿಡ್ ಎಷ್ಟಿದೆ ಎಂದು ತೋರಿಸುವ ನಂಬರನ್ನು) ಇವತ್ತಿನ ಡ್ರಮ್ಮಿನ ಸ್ಯಾಂಪಲ್ ಪಕ್ಕ ಇಟ್ಟು "ಪುಸ್ತಕ ತಪ್ಪು" ಎನ್ನುವ ಮೊದಲು, ಎಣ್ಣೆ ಹೇಗೆ ತೆಗೆದದ್ದು ಎಂದು ಓದಿ. ಆ ಸಾಲು ಬಹುಪಾಲು ನಂಬರಿಗಿಂತ ಎರಡು ಸಾಲು ಮೇಲೇ ಇರುತ್ತದೆ. ಮಕ್ಕಳು ಟೇಬಲ್‌ಗೆ ನೇರ ಹಾರುತ್ತಾರೆ, ಅದೇ ತೊಂದರೆ.

ಫಾರ್ಮುಲಾ ಕೂಡ ಹಾಗೆಯೇ. 1860ರಲ್ಲಿ ಕಾರ್ಲ್ಸ್ರೂಹೆಯಲ್ಲಿ ನಡೆದ ರಸಾಯನಶಾಸ್ತ್ರಜ್ಞರ ಸಮ್ಮೇಳನದ ಮೊದಲಿನ ಎಷ್ಟೋ ಪುಸ್ತಕಗಳಲ್ಲಿ ಕಾರ್ಬನ್‌ 6, ಆಕ್ಸಿಜನ್‌ 8 ಎಂದು ಪರಮಾಣು ತೂಕದ ಲೆಕ್ಕ. ಆಗ ನೀರು ಎಚ್‌ಓ ಆಗುತ್ತದೆ. ಆಲ್ಕೋಹಾಲ್‌ನಲ್ಲಿ ಕಾರ್ಬನ್ 4, ಹೈಡ್ರೋಜನ್ 6, ಆಕ್ಸಿಜನ್ 2 ಎಂದು ಬರೆದಿದ್ದರೆ ಅಚ್ಚಿನ ತಪ್ಪಲ್ಲ. ಕಾರ್ಬನ್, ಆಕ್ಸಿಜನ್ ಎರಡನ್ನೂ ಅರ್ಧ ಮಾಡಿದರೆ ಇವತ್ತಿನ ಫಾರ್ಮುಲಾ ಬರುತ್ತದೆ.

ಅಳತೆಗಳಲ್ಲಿ ತಲೆ ತಿನ್ನುವುದು ಟ್ವಾಡೆಲ್ ಡಿಗ್ರಿ. ಸಾಬೂನಿಗೆ 40 ಡಿಗ್ರಿ ಟ್ವಾಡೆಲ್ ಕಾಸ್ಟಿಕ್ ಎಂದಿದ್ದರೆ ಅದು ಉಷ್ಣಾಂಶವಲ್ಲ, ಸಾಂದ್ರತೆ. ಐದರಿಂದ ಗುಣಿಸಿ 1000ಕ್ಕೆ ಕೂಡಿಸಿ: 1200. ಅಂದರೆ ನೀರಿಗೆ ಹೋಲಿಸಿ 1.2, ಸುಮಾರು 18 ಪರ್ಸೆಂಟ್ ಕಾಸ್ಟಿಕ್ ಸೋಡಾ. ಹಂಡ್ರೆಡ್‌ವೆಯ್ಟ್ ಇಂಗ್ಲಿಷ್ ಪುಸ್ತಕದಲ್ಲಿ 112 ಪೌಂಡ್, ಹೆಚ್ಚುಕಡಿಮೆ 51 ಕಿಲೋ. ಗ್ಯಾಲನ್ ಇಂಗ್ಲೆಂಡಿನದು 4.5 ಲೀಟರ್, ಅಮೆರಿಕದ್ದು 3.8. ಮುಖಪುಟದಲ್ಲಿ ಪ್ರಕಟಣೆಯ ಊರು ನೋಡಿ ಆಮೇಲೆ ಲೆಕ್ಕ ಹಾಕಿ.

ಇನ್ನೊಂದು, ವಿಧಾನ ಓದಿ ಅಡುಗೆಮನೆಯಲ್ಲಿ ಮಾಡಲು ಹೋಗಬೇಡಿ. ಪಾದರಸ, ಸೀಸ, ಬೆನ್ಜೀನ್ ಎಲ್ಲವನ್ನೂ ಅಂದಿನವರು ಸುಮ್ನೆ ಕೈಯಲ್ಲಿ ಮುಟ್ಟುತ್ತಿದ್ದರು. ಅಪಾಯದ ವಿಷಯಕ್ಕೆ ಇವತ್ತಿನ ಸೇಫ್ಟಿ ಶೀಟ್ ಮಾತ್ರ.

ನಮ್ಮ ಊರಿನ ಫ್ಯಾಕ್ಟರಿಯೊಳಗೆ ಏನು ನಡೆಯಿತು ಎಂಬುದು ಕೋಶಗಳಲ್ಲಿ ಸಿಗುವುದು ಕಡಿಮೆ. 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯಂಥದ್ದಕ್ಕೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ವಿಚಾರಿಸಿ. ಹೋಗುವ ಮೊದಲು ಫೋನ್ ಮಾಡಿ, ಕಾಲೇಜಿನಿಂದ ಒಂದು ಪತ್ರ ತನ್ನಿ. ನೋಟ್ಸ್ ಬರೆಯುವಾಗ ಪುಸ್ತಕದ ಹೆಸರಿನ ಜೊತೆ ಆವೃತ್ತಿ, ಸಂಪುಟ, ಪುಟ ಮೂರೂ ಇರಲಿ. ಥಾರ್ಪ್ ಒಂದೇ ಹೆಸರಲ್ಲಿ ಹಲವು ಆವೃತ್ತಿ ಕಂಡಿದೆ, ಪುಟಗಳು ಎಲ್ಲಿಂದೆಲ್ಲಿಗೋ ಹೋಗಿವೆ. ವೈವಾದಲ್ಲಿ ಗೈಡ್ ಕೇಳುವುದು ಅದನ್ನೇ.