ಡೇಟಾ ಪೈಪ್‌ಲೈನ್ ಕಲಿಯಬೇಕೇ? ಮನೆಯ ಲ್ಯಾಪ್‌ಟಾಪಿನಲ್ಲೇ ತೂಬು ತೆರೆದು ನೋಡಿ

ಗಂಗಾವತಿ, ಸಿಂಧನೂರು ಕಡೆ ಮಳೆಗಾಲದಲ್ಲಿ ಬೆಳಗ್ಗೆ ಎದ್ದರೆ ಒಂದೇ ಪ್ರಶ್ನೆ: ತುಂಗಭದ್ರಾ ಡ್ಯಾಂ ಎಷ್ಟಾಯ್ತು? ಪತ್ರಿಕೆಯ ಮೂಲೆಯಲ್ಲಿ ನೀರಿನ ಮಟ್ಟ, ಒಳಹರಿವು, ಹೊರಹರಿವು ಇರುತ್ತದೆ. ಡೇಟಾ ಎಂಜಿನಿಯರಿಂಗ್ ಎಲ್ಲಿಂದ ಶುರು ಮಾಡಲಿ ಎಂದು ಕೇಳುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ನಾನು ಆ ಮೂಲೆಯನ್ನೇ ತೋರಿಸುತ್ತೇನೆ.

ಆ ಅಂಕಿಗಳನ್ನು ದಿನಾ ಓದಿ, ಸರಿಯಿದೆಯಾ ಎಂದು ನೋಡಿ, ವಾರದ ಲೆಕ್ಕ ತೆಗೆಯುವ ಕೆಲಸ ತಾನಾಗಿ ನಡೆದರೆ ಅದೇ ಡೇಟಾ ಪೈಪ್‌ಲೈನ್. ಅದನ್ನು ನಡೆಸಲು ಅಪಾಚೆ ಏರ್‌ಫ್ಲೋ ಎಂಬ ಉಚಿತ ತಂತ್ರಾಂಶವಿದೆ. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯೊಳಗೆ ಹುಟ್ಟಿದ್ದು. ಇದು ಕಾಲುವೆಯಲ್ಲ, ನೀರುಗಂಟಿ. ಯಾವ ತೂಬನ್ನು ಯಾವಾಗ, ಯಾವುದರ ನಂತರ ಎತ್ತಬೇಕು ಎಂದು ನೋಡಿಕೊಳ್ಳುವುದಷ್ಟೇ ಇದರ ಕೆಲಸ. ಹೀಗೆ ಒಂದರ ನಂತರ ಒಂದು ನಡೆಯುವ ಕೆಲಸಗಳ ಸಾಲಿಗೆ ಡ್ಯಾಗ್ ಎನ್ನುತ್ತಾರೆ. ಸಾಲು ಸುತ್ತಿ ಮತ್ತೆ ಮೊದಲಿಗೇ ಬರುವ ಹಾಗಿಲ್ಲ. ಕಾಲುವೆ ನೀರು ತೂಬಿಗೆ ವಾಪಸ್ ಹೋಗಲ್ಲ, ಅಲ್ವಾ?

ಮೊದಲು ಜಾಗ ಸಿದ್ಧ ಮಾಡಿಕೊಳ್ಳಿ. ಏರ್‌ಫ್ಲೋ ನೇರವಾಗಿ ವಿಂಡೋಸ್ ಮೇಲೆ ನಡೆಯುವುದಿಲ್ಲ. ವಿಂಡೋಸ್‌ಗೆ ಆದೇಶ ಕೊಡುವ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಳ್ಳಿ, ಜೊತೆಗೆ ಉಬುಂಟು ಎಂಬ ಲಿನಕ್ಸ್ ಬರುತ್ತದೆ. ಫೈಲುಗಳನ್ನು ಉಬುಂಟುವಿನ ಹೋಮ್ ಫೋಲ್ಡರಿನಲ್ಲೇ ಇಡಿ. ಸಿ ಡ್ರೈವ್‌ನಲ್ಲಿಟ್ಟರೆ ನಿಧಾನವಾಗುತ್ತದೆ. ತಂತ್ರಾಂಶವನ್ನು ಬೇಕಾದ ಎಲ್ಲದರ ಜೊತೆ ಒಂದೇ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಡಾಕರ್ ದಾರಿಯೂ ಇದೆ, ಆದರೆ ಅದಕ್ಕೇ ಕನಿಷ್ಠ 4 ಜಿಬಿ ಮೆಮೊರಿ ಕೊಡಬೇಕು. 8 ಜಿಬಿ ಲ್ಯಾಪ್‌ಟಾಪ್ ಇದ್ದವರು ಸದ್ಯಕ್ಕೆ ಅದನ್ನು ಬಿಡಿ.

ಉಬುಂಟುವಿನಲ್ಲಿ ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಈ ಕೆಲಸದ ಲೈಬ್ರರಿಗಳಿಗೆಂದೇ ಬೇರೆ ಜಾಗ, ಮಾಡಿ. ಅದರೊಳಗೆ ಪೈಥಾನ್ ಲೈಬ್ರರಿಗಳನ್ನು ತಂದು ಹಾಕುವ ಪಿಪ್‌ನಿಂದ ಏರ್‌ಫ್ಲೋ ಹಾಕಿ. ಇಲ್ಲಿ ಅವಸರ ಬೇಡ. ಏರ್‌ಫ್ಲೋ ಕೈಪಿಡಿಯ ಕ್ವಿಕ್ ಸ್ಟಾರ್ಟ್ ಪುಟದಲ್ಲಿರುವ ಆದೇಶವನ್ನೇ ಕಾಪಿ ಮಾಡಿ. ಅದರಲ್ಲಿ ಕನ್‌ಸ್ಟ್ರೇಂಟ್ಸ್ ಎಂಬ ಫೈಲಿನ ವಿಳಾಸ ಇರುತ್ತದೆ. ಯಾವ ಲೈಬ್ರರಿಯ ಯಾವ ಆವೃತ್ತಿ ಹೊಂದುತ್ತದೆ ಎಂಬ ಪಟ್ಟಿ ಅದು. ನಾನು ಮೊದಲ ಸಲ ಅದನ್ನು ಬಿಟ್ಟು ಹಾಕಿ, ಇಡೀ ಮಧ್ಯಾಹ್ನ ಎರರ್ ಓದುತ್ತಾ ಕೂತಿದ್ದೆ.

ಆಮೇಲೆ ‘ಏರ್‌ಫ್ಲೋ ಸ್ಟ್ಯಾಂಡ್‌ಅಲೋನ್’ ಆದೇಶ ಕೊಡಿ. ಡೇಟಾಬೇಸ್, ಕೆಲಸಗಳನ್ನು ಸಮಯಕ್ಕೆ ಶುರು ಮಾಡುವ ಷೆಡ್ಯೂಲರ್, ವೆಬ್ ಪುಟ ಎಲ್ಲಾ ಒಟ್ಟಿಗೆ ಏಳುತ್ತವೆ. ಅಡ್ಮಿನ್ ಪಾಸ್‌ವರ್ಡ್ ಟರ್ಮಿನಲ್‌ನಲ್ಲೇ ಬರುತ್ತದೆ, ಬರೆದಿಟ್ಟುಕೊಳ್ಳಿ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8080 ತೆರೆಯಿರಿ. ಇದು ಕಲಿಕೆಗೆ ಮಾತ್ರ, ಆಫೀಸಿನ ನಿಜವಾದ ಕೆಲಸಕ್ಕಲ್ಲ.

ಈಗ ನಿಮ್ಮ ಕಾಲುವೆ. ದಿನಾಂಕ, ಮಟ್ಟ, ಒಳಹರಿವು, ಹೊರಹರಿವು ಎಂದು ನಾಲ್ಕು ಕಾಲಂ ಇರುವ ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಟ್ಟ ಅಂಕಿಗಳ ಸಾದಾ ಫೈಲ್) ಮಾಡಿ. ಹತ್ತು ದಿನದ ಅಂಕಿ ಕೈಯಲ್ಲೇ ಹಾಕಿ. ಏರ್‌ಫ್ಲೋ ಫೋಲ್ಡರಿನೊಳಗೆ ‘ಡ್ಯಾಗ್ಸ್’ ಎಂಬ ಫೋಲ್ಡರ್ ಮಾಡಿ, ಅದರಲ್ಲೊಂದು ಪೈಥಾನ್ ಫೈಲ್ ಇಟ್ಟು ಮೂರು ಕೆಲಸ ಬರೆಯಿರಿ: ಓದು, ಪರಿಶೀಲಿಸು, ಲೆಕ್ಕ ಹಾಕು. ಸಿಎಸ್‌ವಿ ಎಲ್ಲಿದೆ ಎಂಬ ವಿಳಾಸ ಪೂರ್ತಿ ಕೊಡಿ. ಹೊಸ ಡ್ಯಾಗ್ ಪುಟದಲ್ಲಿ ಕಾಣಲು ಐದು ನಿಮಿಷ ಹಿಡಿಯಬಹುದು. ಕಂಡ ಮೇಲೆ ಪಕ್ಕದ ಸ್ವಿಚ್ ಆನ್ ಮಾಡಿ, ಟ್ರಿಗರ್ ಒತ್ತಿ.

ಮೂರೂ ಹಸಿರಾದವೇ? ಈಗ ಬೇಕಂತಲೇ ಕೆಡಿಸಿ. ಡೆಮೊ ಇರುವುದೇ ಅದಕ್ಕೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಅದಕ್ಕಿಂತ ಜಾಸ್ತಿ ಬಂದರೆ ಕೆಲಸ ನಿಲ್ಲಬೇಕು ಎಂದು ಪರಿಶೀಲನೆಯಲ್ಲಿ ಬರೆಯಿರಿ. ಆಮೇಲೆ ಒಂದು ಸಾಲಿನಲ್ಲಿ 1628 ಬದಲು 16280 ಹಾಕಿ ಓಡಿಸಿ. ಪರಿಶೀಲನೆ ಕೆಂಪಾಗುತ್ತದೆ, ಲೆಕ್ಕದ ಕೆಲಸ ಶುರುವೇ ಆಗುವುದಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಹೊರಹರಿವಿನ ಅಂಕಿಗೆ ಕಾದು ಕೂತವರು ನಾವು. ತಪ್ಪು ಅಂಕಿ ಮುಂದೆ ಹೋಗದಂತೆ ತಡೆಯುವುದು ಎಷ್ಟು ದೊಡ್ಡ ಕೆಲಸ ಎಂದು ನಮಗೆ ಯಾರೂ ಹೇಳಬೇಕಿಲ್ಲ.

ಕೆಲಸದ ದಾಖಲೆಯಾದ ಲಾಗ್ ತೆರೆದು ಕಾರಣ ಓದಿ, ಸಿಎಸ್‌ವಿ ತಿದ್ದಿ, ‘ಓದು’ ಕೆಲಸ ಮತ್ತೆ ಓಡಲು ಅದಕ್ಕೆ ಕ್ಲಿಯರ್ ಕೊಡಿ. ಕೆಳಗಿನವೂ ಜೊತೆಗೇ ಮತ್ತೆ ಓಡುತ್ತವೆ. ಪರಿಶೀಲನೆಯನ್ನಷ್ಟೇ ಕ್ಲಿಯರ್ ಮಾಡಿದರೆ ಅದು ಮೊದಲು ಓದಿಟ್ಟ ತಪ್ಪು ಅಂಕಿಯನ್ನೇ ನೋಡಿ ಮತ್ತೆ ಕೆಂಪಾಗುತ್ತದೆ. ಮೇಲಿನ ತೂಬು ಸರಿಮಾಡದೆ ಕೆಳಗಿನದನ್ನು ಎಷ್ಟು ಎತ್ತಿದರೂ ಅಷ್ಟೇ.

ಸಮಯದ ಬಗ್ಗೆ ಒಂದು ಮಾತು. ಏರ್‌ಫ್ಲೋ ತಾನಾಗಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಗಡಿಯಾರ ಹಿಡಿಯುತ್ತದೆ. ಬೆಳಗ್ಗೆ 6ಕ್ಕೆ ಎಂದು ಬರೆದರೆ ನಮ್ಮಲ್ಲಿ 11.30ಕ್ಕೆ ಓಡುತ್ತದೆ. ಡ್ಯಾಗ್‌ನಲ್ಲಿ ಏಷ್ಯಾ ಕೋಲ್ಕತ್ತಾ ಟೈಮ್‌ಝೋನ್ ಕೊಡಿ. ಬಾಕಿ ಓಟಗಳನ್ನು ತೀರಿಸುವ ಕ್ಯಾಚಪ್ ಎಂಬ ಆಯ್ಕೆಯನ್ನು ಫಾಲ್ಸ್ ಮಾಡಿ. ಇಲ್ಲದಿದ್ದರೆ ಹಳೆಯ ಆವೃತ್ತಿಗಳು ಶುರುವಿನ ದಿನಾಂಕದಿಂದ ಇಲ್ಲಿಯವರೆಗಿನ ಬಾಕಿಯನ್ನೆಲ್ಲಾ ಒಂದೇ ಸಮ ಓಡಿಸುತ್ತವೆ.

ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಕಂಟ್ರೋಲ್ ಸಿ ಒತ್ತಿ. ಎಲ್ಲಾ ಗೋಜಲಾಗಿದೆ ಅನಿಸಿದರೆ ಡ್ಯಾಗ್ ಫೈಲಿನ ಪ್ರತಿಯನ್ನು ಬೇರೆ ಕಡೆ ಇಟ್ಟು, ಏರ್‌ಫ್ಲೋ ಫೋಲ್ಡರ್ ಅಳಿಸಿ, ಸ್ಟ್ಯಾಂಡ್‌ಅಲೋನ್ ಮತ್ತೆ ಶುರು ಮಾಡಿ. ತಂತ್ರಾಂಶ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲೇ ಉಳಿದಿರುತ್ತದೆ, ಇನ್ನೊಮ್ಮೆ ಡೌನ್‌ಲೋಡ್ ಬೇಕಿಲ್ಲ.