ಚಿಪ್ಪರ್ ಆರಿಸುವಾಗ ಬ್ರ್ಯಾಂಡ್‌ಗಳನ್ನು ಹೋಲಿಸುವ ಬಗೆ

ಮರದ ಕೆಲಸಕ್ಕೆ ಚಿಪ್ಪರ್ (ಕೊಂಬೆ, ದಿಮ್ಮಿಗಳನ್ನು ಚೂರು ಮಾಡುವ ಯಂತ್ರ) ಕೊಳ್ಳಲು ಹೊರಟವರ ಕಿವಿಗೆ ಮೊದಲು ಬೀಳುವುದು ವರ್ಮೀರ್, ಬ್ಯಾಂಡಿಟ್, ಮಾರ್ಬಾರ್ಕ್ ಎಂಬ ಅಮೆರಿಕದ ಮೂರು ಹೆಸರುಗಳು. ಮೂರನ್ನೂ ವೃತ್ತಿಪರರು ನೆಚ್ಚಿಕೊಂಡಿರುವುದರಿಂದ, ಒಂದೇ ಗಾತ್ರದ ಮಾದರಿಗಳನ್ನು ಎದುರುಬದುರಾಗಿಟ್ಟು ನೋಡದೆ ಯಾವುದು ಮೇಲೆಂದು ತೀರ್ಮಾನಿಸಬಾರದು.

12 ಇಂಚಿನ ಯಂತ್ರವೆಂದರೆ ಅಷ್ಟು ದಪ್ಪದ ದಿಮ್ಮಿ ಒಳಹೋಗುತ್ತದೆ ಎಂದರ್ಥವೇ ಹೊರತು, ದಿನವಿಡೀ ಅದನ್ನೇ ಸಲೀಸಾಗಿ ಕತ್ತರಿಸುತ್ತದೆ ಎಂದಲ್ಲ. ಕೆಲಸ ನಿಲ್ಲುವುದು ಹೆಚ್ಚಾಗಿ ಕವಲುಕೊಂಬೆಗಳಿಂದ. ಆದ್ದರಿಂದ ಬಾಯಿಯ ಅಗಲವನ್ನೂ, ಎಳೆದುಕೊಳ್ಳುವ ರೋಲರ್‌ಗಳ ಹಿಡಿತವನ್ನೂ ಪರೀಕ್ಷಿಸಲು ಸೊಟ್ಟ ಕವಲುಗಳನ್ನೇ ಹಾಕಿಸಿ ನೋಡಿ. ಭಾರ ಹೆಚ್ಚಾಗಿ ಎಂಜಿನ್ ವೇಗ ಕುಗ್ಗಿದಾಗ ರೋಲರ್‌ಗಳು ತಾವಾಗಿಯೇ ನಿಂತು, ವೇಗ ಮರಳಿದ ಮೇಲೆ ಮತ್ತೆ ಎಳೆಯಬೇಕು. ವರ್ಮೀರ್‌ನಲ್ಲಿ ಈ ವ್ಯವಸ್ಥೆಗೆ ಸ್ಮಾರ್ಟ್‌ಫೀಡ್ ಎಂದು ಹೆಸರು. ಒಂದೇ ಅಳತೆಯ ಚೂರು ಬೇಕಿದ್ದರೆ, ತಿರುಗುವ ತಟ್ಟೆಯ ಮೇಲೆ ಬ್ಲೇಡ್‌ಗಳಿರುವ ಡಿಸ್ಕ್ ಮಾದರಿ ಒಳ್ಳೆಯದು; ಪೊದೆಯಂಥ ರೆಂಬೆಗಳಿಗೆ, ತಿರುಗುವ ಉರುಳೆಯ ಮೇಲೆ ಬ್ಲೇಡ್‌ಗಳಿರುವ ಡ್ರಮ್.

ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಬ್ಲೇಡ್. ಅದು ಮೊಂಡಾದರೆ ಚೂರುಗಳು ಅಚ್ಚುಕಟ್ಟಾಗಿ ತುಂಡಾಗದೆ ನಾರುನಾರಾಗಿ ಬರುತ್ತವೆ, ಡೀಸೆಲ್ ಹೆಚ್ಚು ಸುಡುತ್ತದೆ. ಬ್ಲೇಡ್ ಬದಲಿಸುವುದನ್ನೂ, ಅದರೆದುರಿನ ಆನ್ವಿಲ್‌ನ (ಮರವನ್ನು ಕತ್ತರಿಸುವಾಗ ಆನಿಕೆಯಾಗುವ, ಕದಲದ ಲೋಹದ ಪಟ್ಟಿ) ಅಂತರ ಹೊಂದಿಸುವುದನ್ನೂ ಮಾರಾಟಗಾರರಿಂದಲೇ ಮಾಡಿಸಿ ನೋಡಿ. ಎಂಜಿನ್ ಆರಿಸಿದ ಮೇಲೂ ಡ್ರಮ್ ಬಹಳ ಹೊತ್ತು ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತು, ಕೀಲಿ ತೆಗೆಯುವವರೆಗೆ ಮುಚ್ಚಳ ಮುಟ್ಟಲೇಬಾರದು.

ತುರ್ತಾಗಿ ನಿಲ್ಲಿಸುವ ಬಾರ್ ಕಾಲಿಗೂ ಸೊಂಟಕ್ಕೂ ಎಟಕುವಂತಿದೆಯೇ, ಬಿಡಿಭಾಗಗಳು ಎಷ್ಟು ದಿನದಲ್ಲಿ ಸಿಗುತ್ತವೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ.