ಮುರಕಲ್ಲು ಕೊಯ್ಯುವ ಯಂತ್ರ ಕಟ್ಟಿದ ನನ್ನ ಅನುಭವ

ಮೊದಲ ಪರೀಕ್ಷೆಯ ದಿನ ಹನ್ನೊಂದನೆಯ ಸಾಲು ಕೊಯ್ಯುತ್ತಿದ್ದಾಗ ಬ್ಲೇಡಿನ ನಾಲ್ಕು ಹಲ್ಲುಗಳು ಒಟ್ಟಿಗೆ ಹಾರಿಹೋದವು. ಬಂಟ್ವಾಳ ತಾಲೂಕಿನ ಮುರಕಲ್ಲಿನ ಕೋರೆಯೊಂದಕ್ಕಾಗಿ ನಾನು ನನ್ನ ವರ್ಕ್‌ಶಾಪಿನಲ್ಲಿ ಆರು ತಿಂಗಳು ದುಡಿದು ಕಟ್ಟಿದ ಯಂತ್ರ ಅದು. ಹಳಿಯ ಮೇಲೆ ಓಡುವ ಗಾಡಿ, ಅದರ ಮೇಲೆ 10 ಎಚ್‌ಪಿಯ ಮೂರು ಫೇಸಿನ ಮೋಟಾರು, ಬೆಲ್ಟಿನ ಮೂಲಕ ತಿರುಗುವ 600 ಮಿಲಿಮೀಟರ್ ವ್ಯಾಸದ ಬ್ಲೇಡು, ಅದರ ಅಂಚಿಗೆ ಬೆಸೆದ ಟಂಗ್‌ಸ್ಟನ್ ಕಾರ್ಬೈಡಿನ ಹಲ್ಲುಗಳು, ಇವೆಲ್ಲದರ ಲೆಕ್ಕವೂ ಸರಿಯಾಗಿತ್ತು. ತಪ್ಪಿದ್ದು ಕಲ್ಲಿನ ಲೆಕ್ಕ. ಅದು ಉದ್ದಕ್ಕೂ ಒಂದೇ ಗಟ್ಟಿಯಿರುತ್ತದೆ ಎಂದು ನಾನು ಭಾವಿಸಿದ್ದೆ.

ಮುರಕಲ್ಲು ಮೂಲಶಿಲೆಯು ಮಳೆ ಬಿಸಿಲಿಗೆ ಶಿಥಿಲವಾಗಿ, ಅದರಲ್ಲಿದ್ದ ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಉಂಟಾದ ಕಲ್ಲು. ನೆಲದೊಳಗೆ ಹಸಿಯಾಗಿರುವಾಗ ಕೊಡಲಿಗೆ ಬಗ್ಗುತ್ತದೆ, ಹೊರಗೆ ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಆದರೆ ಕಬ್ಬಿಣ ಎಲ್ಲ ಕಡೆ ಸಮನಾಗಿ ಕೂಡಿರುವುದಿಲ್ಲ. ಆ ಕೋರೆಯಲ್ಲಿ ನಲವತ್ತು ವರ್ಷ ಕೈಯಿಂದ ಕಲ್ಲು ಎಬ್ಬಿಸಿದ್ದ ಹಿರಿಯರೊಬ್ಬರು ಮುರಿದ ಹಲ್ಲುಗಳನ್ನು ನೋಡಿ, "ಇಲ್ಲಿ ಎರಡು ಕೋಲು ಆಳಕ್ಕೆ ಒಳ್ಳೆ ಕಲ್ಲು ಉಂಟು, ಆದರೆ ನಡುನಡುವೆ ಕರಿ ಗಂಟು ಬರ್ತದೆ. ನಾವು ಅಲ್ಲಿ ಕೊಡಲಿಯ ಪೆಟ್ಟು ಸಣ್ಣ ಮಾಡ್ತೇವೆ" ಎಂದರು. ಅವರ ಈ ಮಾತೇ ನನ್ನ ಮುಂದಿನ ವಿನ್ಯಾಸಕ್ಕೆ ಆಧಾರವಾಯಿತು.

ನನ್ನ ಗಾಡಿಯನ್ನು ಗೇರ್‌ಬಾಕ್ಸಿಗೆ ಜೋಡಿಸಿದ ಸರಪಳಿ ಒಂದೇ ವೇಗದಲ್ಲಿ ಎಳೆಯುತ್ತಿತ್ತು. ಬ್ಲೇಡು ಗಂಟಿಗೆ ತಾಗಿದರೂ ಗಾಡಿ ನಿಲ್ಲುತ್ತಿರಲಿಲ್ಲ. ಮೆದು ಕಲ್ಲಿನಲ್ಲಿ 10 ಆಂಪಿಯರಿನ ಆಸುಪಾಸಿನಲ್ಲಿದ್ದ ಕರೆಂಟು ಗಂಟಿನಲ್ಲಿ 30ನ್ನು ದಾಟುವುದನ್ನು ಕ್ಲ್ಯಾಂಪ್ ಮೀಟರಿನಲ್ಲಿ ಕಂಡೆ. ಹೆಚ್ಚು ಶಕ್ತಿಯ ಮೋಟಾರು ಹಾಕಿ ಎಂದು ಹಲವರು ಸಲಹೆ ಕೊಟ್ಟರು. ಹಾಕಿದ್ದರೆ ಹಲ್ಲುಗಳು ಇನ್ನೂ ಬೇಗ ಮುರಿಯುತ್ತಿದ್ದವು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಸರಪಳಿಗೂ ಗೇರ್‌ಬಾಕ್ಸಿಗೂ ನಡುವೆ, ಲಾರಿಯ ಹಳೆಯ ಕ್ಲಚ್ ಪ್ಲೇಟಿನಿಂದ ಮಾಡಿದ, ಸ್ಪ್ರಿಂಗ್ ಒತ್ತಿ ಹಿಡಿಯುವ ಒಂದು ಜಾರುಕ್ಲಚ್ಚನ್ನು ಕೂರಿಸಿದೆ. ಎದುರಿನ ಒತ್ತಡ ಹೆಚ್ಚಿದರೆ ಕ್ಲಚ್ಚು ಜಾರುತ್ತದೆ, ಗಾಡಿ ತಾನಾಗಿ ನಿಧಾನವಾಗುತ್ತದೆ, ಹಲ್ಲುಗಳು ಗಂಟನ್ನು ತೆಳುತೆಳುವಾಗಿ ಕೆರೆದು ದಾಟುತ್ತವೆ. ಸ್ಪ್ರಿಂಗಿನ ಬಿಗಿಯನ್ನು ಒಂದೊಂದು ಸುತ್ತು ಬದಲಿಸಿ, ಪ್ರತಿ ಸಲವೂ ಹತ್ತು ಸಾಲು ಕೊಯ್ದು, ಕರೆಂಟನ್ನೂ ಸಮಯವನ್ನೂ ಪುಸ್ತಕದಲ್ಲಿ ಬರೆದಿಟ್ಟು ನೋಡಲು ಒಂದು ವಾರ ಹಿಡಿಯಿತು.

ಬ್ಲೇಡು ತಿರುಗುವ ದಿಕ್ಕಿನ ವಿಷಯವೂ ಪರೀಕ್ಷೆಯಲ್ಲೇ ತಿಳಿಯಿತು. ಮುಂಭಾಗದ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಹೊಡೆಯುವಂತೆ ತಿರುಗಿಸಿದಾಗ ಬ್ಲೇಡು ಚಕ್ರದಂತೆ ಕಲ್ಲಿನ ಮೇಲೆ ಹತ್ತಲು ನೋಡಿ ಗಾಡಿಯನ್ನು ಮುಂದಕ್ಕೆ ಜಗ್ಗುತ್ತಿತ್ತು, ಹಳಿಯಿಂದ ಎತ್ತುತ್ತಿತ್ತು. ಮೋಟಾರಿನ ಎರಡು ಫೇಸುಗಳ ವಯರನ್ನು ಅದಲುಬದಲು ಮಾಡಿದ ಮೇಲೆ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯತೊಡಗಿದವು, ಗಾಡಿ ಹಳಿಗೆ ಒತ್ತಿ ಕೂತಿತು. ಮೊದಲಿಗೆ ಮೋಟಾರಿನ ವೇಗದಲ್ಲೇ, ಅಂದರೆ ನಿಮಿಷಕ್ಕೆ 1440 ಸುತ್ತು ತಿರುಗುತ್ತಿದ್ದ ಬ್ಲೇಡನ್ನು ಪುಲ್ಲಿ ಬದಲಿಸಿ ಅರ್ಧಕ್ಕೆ ಇಳಿಸಿದೆ. ಹಲ್ಲು ಕಾಯುವುದು ಕಡಿಮೆಯಾಯಿತು, ಹಿಟ್ಟಿನಂಥ ಧೂಳಿನ ಬದಲು ಹರಳಿನಂಥ ಪುಡಿ ಬಂತು. ಹಲ್ಲಿಗೆ ಕೋಬಾಲ್ಟ್ ಹೆಚ್ಚಿರುವ ಕಾರ್ಬೈಡನ್ನು ಆರಿಸಿದೆ. ಅದು ತುಸು ಬೇಗ ಸವೆದರೂ ಪೆಟ್ಟನ್ನು ತಾಳಿಕೊಳ್ಳುತ್ತದೆ.

ಸೀಳಿನ ಅಗಲದ ಬಗ್ಗೆ ಕೋರೆಯ ಮಾಲೀಕರೊಡನೆ ಸಾಕಷ್ಟು ಚರ್ಚೆಯಾಯಿತು. ದಪ್ಪ ಹಲ್ಲು ಹೆಚ್ಚು ಬಾಳುತ್ತದೆ ಎಂಬುದು ಅವರ ವಾದವಾಗಿತ್ತು. ಕಲ್ಲಿನ ಅಳತೆ 380, 230, 180 ಮಿಲಿಮೀಟರ್ ಎಂದಿಟ್ಟುಕೊಂಡರೆ, ಸೀಳು 8 ಮಿಲಿಮೀಟರ್ ಇದ್ದಾಗ ನೆಲದಲ್ಲಿರುವ ಕಲ್ಲಿನ ಶೇಕಡಾ 9ಕ್ಕೂ ಮಿಕ್ಕಿ ಪುಡಿಯಾಗುತ್ತದೆ. ಸೀಳು 12 ಆದರೆ ಅದು 13ನ್ನು ದಾಟುತ್ತದೆ. ಈ ಲೆಕ್ಕವನ್ನು ಎದುರಿಗಿಟ್ಟ ಮೇಲೆ ಅವರು 8ಕ್ಕೆ ಒಪ್ಪಿದರು. ಆ ಕೋರೆಯಲ್ಲಿ ಒಳ್ಳೆಯ ಕಲ್ಲು ಮುಗಿದ ಕೂಡಲೇ ಕೆಳಗೆ ಶೇಡಿಮಣ್ಣು, ಅಂದರೆ ಮೆತ್ತನೆಯ ಜೇಡಿಮಣ್ಣು, ಸಿಗುತ್ತದೆ, ಅಲ್ಲಿಂದ ಮುಂದೆ ಏನೂ ಇಲ್ಲ. ಇರುವಷ್ಟನ್ನು ಪುಡಿಮಾಡಿ ಕಳೆಯುವುದು ನನಗೆ ಸರಿ ಕಾಣಲಿಲ್ಲ.

ಕೊನೆಯ ಪರೀಕ್ಷೆಗೆ 200 ಕಲ್ಲುಗಳನ್ನು ಆರಿಸಿ, ಪ್ರತಿಯೊಂದನ್ನೂ ಮೂಲೆಮಟ್ಟ ಇಟ್ಟು ನೋಡಿದೆವು. ಮೂಲೆ ತಪ್ಪಿದ್ದ ಕಲ್ಲುಗಳೆಲ್ಲ ಒಂದೇ ಸಾಲಿನವು. ಅಲ್ಲಿ ಹಳಿಯ ಒಂದು ತುದಿ ಸಡಿಲ ಮಣ್ಣಿನ ಮೇಲೆ ಕುಸಿದಿತ್ತು. ಅಂದಿನಿಂದ ಹಳಿ ಹಾಸಿದಾಗಲೆಲ್ಲ ರಸಮಟ್ಟ ಹಿಡಿಯದೆ ಸ್ವಿಚ್ಚು ಹಾಕಬಾರದೆಂದು ನಿಯಮ ಮಾಡಿದೆವು. ಒಣಗಿದ ಕೆಲವು ಕಲ್ಲುಗಳನ್ನು ಒತ್ತಡದ ಪರೀಕ್ಷೆಗೂ ಕಳುಹಿಸಿದೆವು. ಕಟ್ಟಡದ ಮುರಕಲ್ಲಿಗಾಗಿ ಇರುವ ಭಾರತೀಯ ಮಾನದಂಡ ಐಎಸ್ 3620 ಕೇಳುವ ಚದರ ಮಿಲಿಮೀಟರಿಗೆ 3.5 ನ್ಯೂಟನ್‌ಗಿಂತ ಕಡಿಮೆ ಯಾವುದೂ ಬರಲಿಲ್ಲ.

ಧೂಳು ಮಾತ್ರ ಇನ್ನೂ ಪೂರ್ತಿ ಹತೋಟಿಗೆ ಬಂದಿಲ್ಲ. ಈ ಧೂಳಿನಲ್ಲಿ ಸ್ಫಟಿಕದ ಸಿಲಿಕಾ ಇರಬಹುದಾದ್ದರಿಂದ ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಅದು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ನೀರು ಬಿಟ್ಟು ನೋಡಿದೆ. ಪುಡಿ ಕೆಸರಾಗಿ ಸೀಳಿನಲ್ಲಿ ಕಟ್ಟಿಕೊಂಡು ಬ್ಲೇಡನ್ನೇ ಹಿಡಿಯಿತು. ಈಗ ಬ್ಲೇಡಿನ ಮುಂದೆ, ಪುಡಿ ಮೇಲಕ್ಕೆ ಚಿಮ್ಮುವ ಜಾಗಕ್ಕೆ ಸರಿಯಾಗಿ ತಗಡಿನ ಮುಚ್ಚಳ ಕೂರಿಸಿ, ಬ್ಲೋವರಿನಿಂದ ಧೂಳನ್ನು ಚೀಲಕ್ಕೆ ಎಳೆಯುತ್ತಿದ್ದೇನೆ. ಮಳೆಗಾಲ ಮುಗಿದು ಕೋರೆಯ ನೀರು ಹೊರಗೆ ಹಾಕಿದ ಕೂಡಲೇ, ಇನ್ನೊಂದು ಅಳತೆಯ ಮುಚ್ಚಳವನ್ನು ಅಲ್ಲಿ ಪರೀಕ್ಷಿಸಲಿದ್ದೇನೆ.